ಸೋಪು ಮೇಷ್ಟ್ರ ಚಮಚ

ಅಪ್ಪ ಅಮ್ಮ ಇಟ್ಟ ಹೆಸರು ಈಗ ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ; ಮಿಕ್ಕವರಿಗೆಲ್ಲ ನಾನು ಸೋಪು ಮೇಷ್ಟ್ರು. ಸೋಪು ಹಚ್ಚಿ ಕೈ ತೊಳೆದು ಭೇದಿ ಬರದಂತೆ ನೋಡಿಕೊಳ್ಳುವುದು ಹೇಗೆಂದು ಭಾಷಣ ಮಾಡಲು ಆರೋಗ್ಯ ಕೇಂದ್ರದವರು ನನ್ನನ್ನು ಇಟ್ಟುಕೊಂಡಿದ್ದಾರೆ, ಕೇಳದವರಿಗೂ ನಾನು ಬಿಟ್ಟಿಯಾಗಿ ಕೊರೆಯುತ್ತೇನೆ. ಊಟಕ್ಕೆ ಕರೆದವರ ಮನೆಯಲ್ಲಿ ಮೊದಲು ಅಡುಗೆಮನೆಗೆ ನುಗ್ಗಿ ಕುಡಿಯುವ ನೀರಿಗೆ ಮುಚ್ಚಳವಿದೆಯಾ ನೋಡುತ್ತೇನೆ. ಎರಡನೇ ಸಲ ಯಾರೂ ಕರೆಯುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಹೊಟ್ಟೆ ಸರಿಯಿಲ್ಲ ಅಂದರೆ ಸಾಕು, ಜೇಬಿನಿಂದ ಪುಟ್ಟ ಟೀ ಚಮಚ ಹೊರಬರುತ್ತದೆ: "ಕುದಿಸಿ ಆರಿಸಿದ ನೀರು ಒಂದು ಲೀಟರ್, ಅಂಚಿಗೆ ಸಮನಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡೀತಾ ಇರಿ. ರಕ್ತ ಕಂಡ್ರೆ ಡಾಕ್ಟರ ಹತ್ರ ಓಡಿ!" ಅವರು ಮುಂದಿನ ನಿಲ್ದಾಣದಲ್ಲೇ ಇಳಿದು ಓಡುತ್ತಾರೆ, ಭೇದಿಗೋ ನನಗೋ ಹೆದರಿ, ಗೊತ್ತಿಲ್ಲ. ಇಂಥ ನಾನೇ ಹೋದ ತಿಂಗಳು, ಭಾಷಣಕ್ಕೆ ಬಿದ್ದ ಚಪ್ಪಾಳೆಯ ಅಮಲಿನಲ್ಲಿ, ಕೈ ತೊಳೆಯದೆ ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು ತಿಂದು ಮೂರು ದಿನ ಪಾಯಿಖಾನೆಯಲ್ಲೇ ಠಿಕಾಣಿ ಹೂಡಿದೆ. ಹೆಂಡತಿ ಬಾಗಿಲಾಚೆ ಅದೇ ಚಮಚ ಹಿಡಿದು ನಿಂತು, "ಗುಟುಕು ಗುಟುಕಾಗಿ, ಮೇಷ್ಟ್ರೇ" ಅಂದಳು. ಆ ಚಮಚ ಎಲ್ಲಿಯದೆಂದು ಅವಳೊಬ್ಬಳಿಗೇ ಗೊತ್ತು. ನನ್ನ ತಂಗಿ ಬದುಕಿದ್ದಷ್ಟು ದಿನ ಉಂಡದ್ದು ಅದರಲ್ಲೇ. ಅವಳಿಗೆ ಭೇದಿ ಹತ್ತಿದಾಗ, ಕುಡಿದರೆ ಇನ್ನೂ ಹೋಗುತ್ತೆ ಎಂದು ಹಿರಿಯರು ನೀರು ನಿಲ್ಲಿಸಿದರು. "ಅಣ್ಣಾ, ಒಂದೇ ಒಂದು ಚಮಚ" ಎಂದು ಅವಳು ಬೇಡಿದಾಗ, ನೀರಿನ ಪಾತ್ರೆಗೆ ಕಾವಲು ಕೂತಿದ್ದವನು ನಾನು.