ಕಣಿವೆ ಮಾಸ್ತರರು

ಕುಷಾಯಿಗೂಡದ ನಿವೃತ್ತ ಭೂಗೋಳ ಮಾಸ್ತರ ಚನ್ನಮಲ್ಲಪ್ಪನವರು ಎಲ್ಲ ಮಾತನ್ನೂ ಶ್ರೀಶೈಲದ ಕೃಷ್ಣಾ ಕಣಿವೆಗೆ ತಂದು ನಿಲ್ಲಿಸುತ್ತಿದ್ದರು. ನಲ್ಲಿಗೆ ನೀರು ಬಾರದಿದ್ದರೆ, ಕೊಡ ಹಿಡಿದು ನಿಂತವರಿಗೆ ನದಿ ಬಂಡೆ ಕೊರೆದ ಬಗೆ ವಿವರಿಸುವರು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಆರಿಹೋಗುವಷ್ಟು ಹೊತ್ತು ಅಲ್ಲಿಯ ಮೀನುಗಿಡುಗವನ್ನು ಬಣ್ಣಿಸುವರು. ಪ್ರತಿವರ್ಷ ಶ್ರೀಶೈಲಕ್ಕೆ ಹೋದಾಗ ಹೆಂಡತಿ ನೀಲಾಬಾಯಿ ಗುಡಿಗೆ ನಡೆದರೆ, ಇವರು ಕಣಿವೆಯ ಅಂಚಿಗೆ ನಡೆಯುತ್ತಿದ್ದರು. "ಹಕ್ಕಿ ನೋಡಾಕ ಇಷ್ಟು ದೂರ ಬರಬೇಕೇನ್ರಿ? ನಮ್ಮ ಮಾಳಿಗಿ ಮ್ಯಾಲೆ ಕಾಗಿ ಇಲ್ಲೇನು?" ಎಂದು ಆಕೆ ಗೊಣಗುತ್ತಿದ್ದರು. ಈ ವರ್ಷ ಮಾಸ್ತರರ ಕಣ್ಣು ಪೂರ್ತಿ ಹೋದವು. ಆದರೂ ಅಂಚಿನ ಕಂಬಿ ಹಿಡಿದು ನಿಂತರು. ನೀಲಾಬಾಯಿ ಗುಡಿಗೆ ಹೋಗದೆ ಪಕ್ಕದಲ್ಲೇ ನಿಂತು, "ಕರಿ ತಲಿ, ಬಿಳಿ ಹೊಟ್ಟಿ. ನೀರಿನ ಮ್ಯಾಲೆ ಹಾರಾಕತ್ತೈತ್ರಿ" ಎಂದರು. "ಹೊಟ್ಟಿ ಬಿಳೀನೋ, ಬೂದಿ ಬಣ್ಣನೋ? ಸರಿಯಾಗಿ ನೋಡು" ಎಂದು ಮಾಸ್ತರರು ಗದರಿದರು. ಆಕೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದರು.