ನೋವಿನ ಬಗೆ ಕೇಳುವ ಗಂಗಲಕ್ಷ್ಮಿ

ಸಂಪಿಗೆ ಊರಿನಾಚೆಯ ತೋಟದ ಮನೆಯ ಜಗುಲಿಯಲ್ಲಿ ಇನ್ನೂ ನಸುಗತ್ತಲು. ತೆಂಗಿನ ಗರಿಗಳ ನಡುವೆ ಬೆಳಕು ಇಳಿಯುವ ಮೊದಲೇ ಗಂಗಲಕ್ಷ್ಮಿ ಸ್ಕೂಟರ್ ನಿಲ್ಲಿಸಿ, ಕೈಕಾಲು ತೊಳೆದು, ಸಿದ್ದಮ್ಮನವರ ಎದುರು ಚಾಪೆಯ ಮೇಲೆ ಕೂತಿದ್ದಾರೆ. ಔಷಧಿಯ ಚೀಲವನ್ನು ಇನ್ನೂ ಬಿಚ್ಚಿಲ್ಲ.

“ಇವತ್ತು ಹೆಂಗೈತವ್ವ? ಉರೀತದಾ, ಸೆಳೀತದಾ, ಚುಚ್ತದಾ?”

“ಉರಿ ತಗ್ಗೈತೆ ಕಣವ್ವ. ಆಗೀಗ ಕರೆಂಟ್ ಹೊಡ್ದಂಗೆ ಜುಮ್ ಅಂತದೆ, ಅಷ್ಟೇಯ.”

ಗಂಗಲಕ್ಷ್ಮಿಯವರ ಕೆಲಸ ಶುರುವಾಗುವುದೇ ಈ ಪ್ರಶ್ನೆಯಿಂದ. ತುರುವೇಕೆರೆಯ ಸಣ್ಣ ಸೇವಾಸಂಸ್ಥೆಯೊಂದರಲ್ಲಿ ಅವರು ನರ್ಸ್. ಆಸ್ಪತ್ರೆಗೆ ಹೋಗಲಾಗದವರ ಮನೆಗೆ ತಾವೇ ಹೋಗುತ್ತಾರೆ. ದಿನಕ್ಕೆ ಏಳೆಂಟು ಮನೆ, ಅರವತ್ತು ಕಿಲೋಮೀಟರಿನಷ್ಟು ದಾರಿ. ಕ್ಯಾನ್ಸರ್ ಆದವರು, ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಕೀಲು ಹಿಡಿದು ಮಂಚ ಬಿಟ್ಟೇಳದವರು ಅವರ ದಾರಿ ನೋಡುತ್ತಿರುತ್ತಾರೆ.

ಅವರ ತಂದೆ ದುರ್ಗಯ್ಯ ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದರು. ಮಗಳು ಪಿಯುಸಿ ಓದುವಾಗ ಅವರಿಗೆ ಎಡ ರಟ್ಟೆಯಲ್ಲಿ ನೋವು, ದವಡೆಯಲ್ಲಿ ಹಿಡಿತ ಕಾಣಿಸಿತು. ಕಾಯಿ ಸುಲಿಯುವ ರಟ್ಟೆಯಲ್ಲವೇ ಎಂದು ಮನೆಯವರು ಎಣ್ಣೆ ತಿಕ್ಕಿದರು. ಎರಡು ದಿನ ಕಳೆಯುವುದರೊಳಗೆ ಹೃದಯಾಘಾತ ಅವರನ್ನು ಕರೆದೊಯ್ದಿತು. ಹೃದಯದ ನರಗಳೂ ತೋಳಿನ ನರಗಳೂ ಬೆನ್ನುಹುರಿಯಲ್ಲಿ ಒಂದೇ ಕಡೆ ಬಂದು ಸೇರುತ್ತವೆ, ಹಾಗಾಗಿ ಹೃದಯದ ಸಂಕಟವನ್ನು ಮಿದುಳು ತೋಳಿನದೆಂದೇ ತಿಳಿಯುತ್ತದೆ ಎಂಬುದು ಗಂಗಲಕ್ಷ್ಮಿಗೆ ಗೊತ್ತಾದದ್ದು ನರ್ಸಿಂಗ್ ತರಗತಿಯಲ್ಲಿ.

“ಆ ಪಾಠ ಕೇಳಿ ಹಾಸ್ಟೆಲಿಗೆ ಬಂದು ಅತ್ತುಬುಟ್ಟೆ. ಅವತ್ತಿಂದ ಯಾರು ನೋವು ಅಂದ್ರೂ ಪೂರಾ ಕೇಳ್ತೀನಿ ಕಣ್ರೀ” ಎನ್ನುತ್ತಾರೆ.

ಹಾಗೆ ಪೂರಾ ಕೇಳಿದ್ದರಿಂದಲೇ ಸಿದ್ದಮ್ಮ ಇಂದು ಜಗುಲಿಗೆ ಬಂದು ಕೂತಿರುವುದು. ಕಳೆದ ಬೇಸಿಗೆಯಲ್ಲಿ ಅವರಿಗೆ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತ್ತು. ಕೆಮ್ಮಣ್ಣು ಹಚ್ಚಿದರು, ಗುಳ್ಳೆಗಳು ಒಣಗಿ ಉದುರಿದವು. ನೋವು ಮಾತ್ರ ಹೋಗಲಿಲ್ಲ. ರವಿಕೆ ಸೋಕಿದರೂ ಕೆಂಡ ಇಟ್ಟಂತಾಗುತ್ತಿತ್ತು. ಸ್ನಾನ ಮಾಡಿಸಲು ಬಂದ ಸೊಸೆ ಆಶಾಳ ಕೈಯನ್ನು “ಮುಟ್ಟಬ್ಯಾಡ” ಎಂದು ತಳ್ಳಿಬಿಟ್ಟರು. ನೊಂದುಕೊಂಡ ಸೊಸೆ ಮಾತು ಬಿಟ್ಟಳು. “ಗಾಯನೇ ಇಲ್ಲ, ನೋವೆಲ್ಲಿಂದ ಬತ್ತದೆ?” ಎಂದ ಮಗ ದಯಾನಂದ. ಸಿದ್ದಮ್ಮನಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು, ಬಿಪಿ ಏರಿತು. “ಸಾಕಾಗೈತೆ, ಹೋಗ್ಬುಡ್ತೀನಿ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಆ ಮಾತಿಗೆ ಹೆದರಿದ ಆಶಾ, ಪಕ್ಕದ ಮನೆಗೆ ಬರುತ್ತಿದ್ದ ಗಂಗಲಕ್ಷ್ಮಿಯವರನ್ನು ಕರೆದಳು. ಗಂಗಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡು ಒಂದೆಳೆ ಹತ್ತಿ ತೆಗೆದರು. ಒಳ್ಳೆಯ ಪಕ್ಕೆಗೆ ಸೋಕಿಸಿದಾಗ ಸಿದ್ದಮ್ಮ ಸುಮ್ಮನಿದ್ದರು. ಇನ್ನೊಂದು ಪಕ್ಕೆಗೆ ಸೋಕಿಸಿದ್ದೇ ತಡ, ಮೈಯೆಲ್ಲ ಮುದುಡಿ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

“ನೋಡಮ್ಮ ಆಶಾ, ಹತ್ತಿಗೇ ಇಷ್ಟು. ಅವ್ರು ನಿನ್ ಕೈ ತಳ್ಳಲಿಲ್ಲ, ಉರಿ ತಳ್ಳಿದ್ದು” ಎಂದರು ಗಂಗಲಕ್ಷ್ಮಿ. “ಕೈ ಕುಯ್ಕಂಡ್ರೆ ನರ ಮಿದುಳಿಗೆ ಸುದ್ದಿ ಮುಟ್ಟಿಸ್ತದೆ, ಗಾಯ ಮಾಯ್ದ ಮೇಲೆ ಸುಮ್ಮನಾಗ್ತದೆ. ಇಲ್ಲಿ ನರಕ್ಕೇ ಪೆಟ್ಟು ಬಿದ್ದೈತೆ. ಸೀರೆ ಸೋಕಿದ್ರೂ ಬೆಂಕಿ ಬಿತ್ತು ಅಂತ ಸುದ್ದಿ ಕಳಿಸ್ತದೆ. ಸುದ್ದಿ ಸುಳ್ಳು, ಆದ್ರೆ ನೋವು ಸುಳ್ಳಲ್ಲ.”

ಆಶಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹಳೆಯ ಮೆತ್ತನೆಯ ಪಂಚೆಯೊಂದನ್ನು ಹುಡುಕಿ ತಂದು, ಅತ್ತೆಗೆ ಹೊದೆಯಲು ಕೊಟ್ಟಳು.

ಸಂಸ್ಥೆಯ ವೈದ್ಯ ಸೂರ್ಯಪ್ರಕಾಶ್ ಮರುದಿನವೇ ಬಂದು ನೋಡಿದರು. ಮೈಕೈ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲವೆಂದು ಹೇಳಿ, ನರದ ನೋವಿಗೆಂದೇ ಇರುವ ಮಾತ್ರೆಯನ್ನು ಸ್ವಲ್ಪದಿಂದ ಆರಂಭಿಸಿ ಏರಿಸಿದರು. ರಾತ್ರಿ ನುಂಗಿದ ಮಾತ್ರೆಯಿಂದ ಬೆಳಿಗ್ಗೆ ಏಳುವಾಗ ತಲೆಸುತ್ತು ಬಂದೀತೆಂದು ಗಂಗಲಕ್ಷ್ಮಿ ದಾರಿ ಬದಲಿಸಿಕೊಂಡು ಬೆಳಗಾಗುವ ಮೊದಲೇ ಬಂದು ಹೋಗತೊಡಗಿದರು. ನೋವು ಪೂರ್ತಿ ಹೋಗಿಲ್ಲ. ಆದರೆ ಸಿದ್ದಮ್ಮ ಉಣ್ಣುತ್ತಾರೆ, ಮಲಗುತ್ತಾರೆ. ಮೊನ್ನೆ ಸೊಸೆಯಿಂದ ಬೆನ್ನು ಉಜ್ಜಿಸಿಕೊಂಡರಂತೆ.

“ನಮ್ಮ ಡಾಕ್ಟರ್ ಕೆಲಸ ಅರ್ಧ ಹಗುರ ಮಾಡೋರು ಗಂಗಮ್ಮಾರು” ಎನ್ನುತ್ತಾಳೆ ಆಶಾ. ಗಂಗಲಕ್ಷ್ಮಿ ನಕ್ಕು, ಕಾಫಿ ಲೋಟ ಕೆಳಗಿಟ್ಟು ಏಳುತ್ತಾರೆ. ಚಿಕ್ಕನಾಯಕನಹಳ್ಳಿ ಕಡೆಯ ಕಂದಿಕೆರೆಯಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ. ಅಲ್ಲಿಗೆ ಅವರಿಗೆ ಹೋಗಲಾಗುವುದು ವಾರಕ್ಕೊಮ್ಮೆ ಮಾತ್ರ.

ನಿಮಗೇನು ಬೇಕು ಎಂದು ಕೇಳಿದರೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಯೋಚಿಸುತ್ತಾರೆ.

“ಚಿಕ್ಕನಾಯಕನಹಳ್ಳಿ ಕಡೆಗೆ ಇನ್ನೊಬ್ಬ ನರ್ಸ್ ಬಂದ್ರೆ ಸಾಕು. ನಮಗೆ ವಾರ ಅನ್ನೋದು ಹಂಗೇ ಕಳ್ದೋಯ್ತದೆ. ನೋವಿರೋರಿಗೆ ಅದು ಬಲು ಉದ್ದ ಕಣ್ರೀ.”