ಲಸಿಕೆ ಪೆಟ್ಟಿಗೆಯ ಅಕ್ಕ

ಬೆಳಗಿನ ಐದೂವರೆ. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯ ಮೇಜಿನ ಮೇಲೆ ನಾಲ್ಕು ಐಸ್ ಪ್ಯಾಕ್‌ಗಳು ಬೆವರುತ್ತಿವೆ. ಅವುಗಳ ಸುತ್ತ, ಊರೂರಿಗೆ ಲಸಿಕೆ ಹೊತ್ತೊಯ್ಯುವ ನರ್ಸ್ ಅಕ್ಕ ಶತಪಥ ಹಾಕುತ್ತಿದ್ದಾರೆ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಇಡುತ್ತಾರೆ. ಗಡಿಯಾರ ನೋಡುತ್ತಾರೆ. ಮತ್ತೆ ಎತ್ತುತ್ತಾರೆ.

“ಒಳಗೆ ನೀರು ಗುಳುಗುಳು ಅನ್ನೋವರೆಗೂ ಪೆಟ್ಟಿಗೆಗೆ ಹಾಕೋ ಹಾಗಿಲ್ಲ. ಫ್ರೀಜರಿಂದ ತೆಗೆದ ತಕ್ಷಣ ಹಾಕಿದ್ರೆ, ಪಕ್ಕದಲ್ಲಿರೋ ಲಸಿಕೆಯ ಬಿಸಿನೆಲ್ಲ ಅದು ಎಳ್ಕೊಂಡು ಬಿಡತ್ತೆ, ಲಸಿಕೆ ಗಟ್ಟಿಯಾಗಿ ಕೆಡತ್ತೆ. ತಡ ಮಾಡಿದ್ರೆ ಪ್ಯಾಕ್ ಪೂರ್ತಿ ಕರಗಿ, ದಾರಿಯಲ್ಲಿ ಬಿಸಿಲಿನ ಕಾವು ಒಳಗೆ ನುಗ್ಗತ್ತೆ. ಕೂತ್ಕೊಳ್ಳೋದು ಹೇಗೆ ಹೇಳಿ?”

ಹದಿನೇಳು ವರ್ಷದಿಂದ ಇದೇ ಕೆಲಸ. ಗುಡ್ಡದಾಚೆ ಆರು ಊರು, ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ. ಪೆಟ್ಟಿಗೆಯೊಳಗೆ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಪೆಟ್ಟಿಗೆಯ ಹೆಗಲುಪಟ್ಟಿ ಒತ್ತಿ ಒತ್ತಿ ಎಡ ಭುಜ ಕಪ್ಪುಗಟ್ಟಿದೆ. ಇವರ ಅತ್ತೆಯದು ಒಂದೇ ದೂರು: “ನನ್ನ ಸೊಸೆ ಯಾರ ಮನೆಗೆ ಹೋದ್ರೂ ಮೊದಲು ಫ್ರಿಜ್ ಬಾಗಿಲು ಸರಿಯಾಗಿ ಹಾಕಿದೆಯಾ ನೋಡ್ತಾಳೆ. ಆಮೇಲೆ ಜನರನ್ನ ಮಾತಾಡಿಸ್ತಾಳೆ!”

ಮೂರು ವರ್ಷದ ಹಿಂದೆ, ಹೊಸದಾಗಿ ಬಂದ, ಕೇಂದ್ರದ ಲಸಿಕೆ ಸ್ಟೋರಿನವರು ಉಪಕಾರವಾಗಲಿ ಎಂದು ತಾವೇ ಪೆಟ್ಟಿಗೆ ತುಂಬಿಟ್ಟಿದ್ದರು. ಕೊನೆಯ ಊರಿನ ಶಾಲೆಯ ಜಗಲಿಯಲ್ಲಿ ಇಪ್ಪತ್ತಮೂರು ತಾಯಂದಿರು ಕಾಯುತ್ತಿದ್ದರು. ಮುಚ್ಚಳ ತೆಗೆದರೆ ಐಸ್ ಪ್ಯಾಕ್‌ಗಳು ಇನ್ನೂ ಕಲ್ಲಿನಂತಿವೆ; ಅವುಗಳಿಗೆ ಅಂಟಿಕೊಂಡಿದ್ದ ಬಾಟಲಿಯ ಅಂಚಿನಲ್ಲಿ ಬಿಳಿ ಹೆಪ್ಪು.

“ಇವತ್ತು ಹಾಕಲ್ಲ,” ಎಂದರು ಅಕ್ಕ.

“ಕೆಲಸ ಬಿಟ್ಟು ಬಂದಿದೀವಿ, ನಿನಗೇನು ಗೊತ್ತು?” ಎಂದು ಅಜ್ಜಿಯೊಬ್ಬರು ರೇಗಿದರು. ಫೋನಿನಲ್ಲಿ ಆರೋಗ್ಯ ಕೇಂದ್ರದ ಡಾಕ್ಟರೂ ಸಿಡುಕಿದರು: “ಕರಗಿದ ಮೇಲೆ ಹಾಕಿ. ಅಷ್ಟಕ್ಕೆಲ್ಲ ಏನಾಗತ್ತೆ?”

ಅಕ್ಕ ಜಗ್ಗಲಿಲ್ಲ. ಬೈಗುಳ ಬೆನ್ನಿಗೆ ಕಟ್ಟಿಕೊಂಡು ಪೆಟ್ಟಿಗೆ ವಾಪಸ್ ತಂದರು. “ದಾರಿಯುದ್ದಕ್ಕೂ ಒಂದೇ ಯೋಚನೆ. ನಂದೇ ತಪ್ಪಾಗಿದ್ರೆ? ಕೆಲಸ ಹೋದ್ರೆ? ಆದ್ರೆ ಕೆಟ್ಟ ಲಸಿಕೆ ಹಾಕಿ, ಮಗುಗೆ ಇನ್ನೇನೂ ಭಯ ಇಲ್ಲ ಅಂತ ಆ ತಾಯಿಗೆ ಹೇಗೆ ಸುಳ್ಳು ಹೇಳಲಿ?”

ಕೇಂದ್ರದಲ್ಲಿ ಡಾಕ್ಟರು ಕರಗಿದ ಆ ಬಾಟಲಿಯನ್ನೂ ಫ್ರಿಜ್ಜಿನ ಇನ್ನೊಂದನ್ನೂ ಅಲುಗಾಡಿಸಿ ಪಕ್ಕಪಕ್ಕ ಇಟ್ಟರು. ಅರ್ಧ ಗಂಟೆಯ ನಂತರವೂ ಫ್ರಿಜ್ಜಿನದು ಹಾಲಿನಂತೆಯೇ ಉಳಿಯಿತು. ಅಕ್ಕ ತಂದದ್ದರಲ್ಲಿ ಚೂರುಗಳು ತಳ ಸೇರಿ ಮೇಲೆ ಬರೀ ತಿಳಿನೀರು. ಹೆಪ್ಪುಗಟ್ಟಿ ಕೆಟ್ಟಿದೆಯೆಂದು ಡಾಕ್ಟರೇ ಒಪ್ಪಿ ಅದನ್ನು ಬದಿಗಿಟ್ಟರು. ಮರುದಿನ ಹೊಸ ಲಸಿಕೆಯ ಪೆಟ್ಟಿಗೆ ತಾವೇ ಹೊತ್ತು ಅಕ್ಕನ ಜೊತೆ ಗುಡ್ಡ ಹತ್ತಿದರು. ಇಪ್ಪತ್ತೊಂದು ಮಕ್ಕಳು ಬಂದವು. ಉಳಿದೆರಡರ ಮನೆಬಾಗಿಲಿಗೆ ಅಕ್ಕ ಹೋದರು.

ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಆಮೇಲೇನು ಎಂದರೆ, ಹೊರಡುವ ಆತುರದಲ್ಲೇ ನಗುತ್ತಾರೆ.

“ಒಂದ್ಸಲ ಕೈ ಬೀಸ್ಕೊಂಡು ಆ ಊರುಗಳಿಗೆ ಹೋಗ್ಬೇಕು. ನನ್ನ ಕಂಡು ಒಂದಾದ್ರೂ ಮಗು ಅಳದೆ ಹತ್ರ ಬರ್ಬೇಕು, ಅಷ್ಟೇ.”